ಬೇಟೆ ತಳಿಯ ನಾಯಿ ಮನೆಗೆ ಹೊಂದುತ್ತದೆಯೇ?

"ಬೇಟೆ ತಳಿ ಆಗಿರಬೇಕು, ನೋಡೋಕೆ ಗತ್ತಿರಬೇಕು, ಮಕ್ಕಳ ಜೊತೆಗೂ ಹೊಂದ್ಕೋಬೇಕು. ಯಾವ ನಾಯಿ ತರಲಿ?" ನಾಯಿ ಸಾಕಿದವರನ್ನು ಜನ ಹೀಗೆ ಕೇಳುತ್ತಲೇ ಇರುತ್ತಾರೆ. ಕೇಳುವವರಿಗೆ ಒಂದು ಹೆಸರು ಬೇಕು. ಮುಧೋಳ ಅಂತಲೋ ಲ್ಯಾಬ್ರಡಾರ್ ಅಂತಲೋ ಹೇಳಿ ಕಳಿಸುವುದು ಸುಲಭ. ತೊಂದರೆ ಏನೆಂದರೆ, 'ಬೇಟೆ ತಳಿ' ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಐದಾರು ಬಗೆಯ ನಾಯಿಗಳಿವೆ. ಒಂದು ಮೊಲವನ್ನು ಕಂಡರೆ ಬಾಣದಂತೆ ಹೊರಡುತ್ತದೆ, ಇನ್ನೊಂದು ಹಕ್ಕಿಯನ್ನು ಕಂಡರೆ ನಿಂತಲ್ಲೇ ಕಲ್ಲಾಗುತ್ತದೆ, ಮತ್ತೊಂದು ಸತ್ತ ಬಾತುಕೋಳಿಯನ್ನು ಗರಿ ಮುದುಡದಂತೆ ತಂದು ಕೈಗಿಡುತ್ತದೆ. ಮೂರೂ ಬೇಟೆ ನಾಯಿಗಳೇ. ಆದರೆ ಮನೆಯೊಳಗೆ ಮೂರರ ಜೊತೆಗಿನ ಬಾಳ್ವೆ ಬೇರೆ ಬೇರೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಕರ್ನಾಟಕದಲ್ಲಿರುವವರು 'ಬೇಟೆಗೂ ಆಗಬೇಕು' ಎಂಬ ಆಸೆಯನ್ನು ಇಲ್ಲೇ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಗದ್ದಲ ಎಬ್ಬಿಸಿ ಓಡಿಸುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಇವುಗಳಿಗೆ ಪ್ರಯತ್ನ ಮಾಡುವುದು ಎಲ್ಲವೂ ಅದರಲ್ಲಿ ಸೇರಿದೆ. ಹೊಲದ ಬದುವಿನಲ್ಲಿ ಕೂತ ಮೊಲಕ್ಕೂ ರಕ್ಷಣೆ ಇದೆ. "ನಾನು ಹೊಡೆದಿಲ್ಲ, ನಾಯಿ ತಾನಾಗೇ ಓಡಿಸ್ತು" ಅನ್ನುವ ಸಮಜಾಯಿಷಿ ಅರಣ್ಯ ಇಲಾಖೆಯವರ ಮುಂದೆ ನಡೆಯುವುದು ಕಷ್ಟ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ನಮ್ಮವರ ಮಾತು ಬೇರೆ. ಅಲ್ಲಿ ಲೈಸೆನ್ಸ್ ಪಡೆದು, ಋತು ನೋಡಿಕೊಂಡು ಬಾತು, ಫೆಸೆಂಟ್ ಹಕ್ಕಿಯ ಬೇಟೆಗೆ ಹೋಗಬಹುದು. ಹಾಗಾಗಿ ವಾರಾಂತ್ಯಕ್ಕೆ ಕೆರೆಯಂಚು, ಉಳಿದ ದಿನ ಸೋಫಾ ಎನ್ನುವ ನಾಯಿ ಅಲ್ಲಿ ನಿಜಕ್ಕೂ ಬೇಕಾಗುತ್ತದೆ. ಇಲ್ಲಿ ನಮಗಿರುವ ಪ್ರಶ್ನೆ ಇನ್ನೊಂದು: ಸಾವಿರಾರು ವರ್ಷ ಬೇಟೆಗೆಂದೇ ತಿದ್ದಿದ ಪ್ರಾಣಿಯನ್ನು ಬೇಟೆಯೇ ಇಲ್ಲದ ಮನೆಯಲ್ಲಿ ಸಾಕುವುದು ಹೇಗೆ? ನಾಯಿಗಂತೂ ಕಾಯ್ದೆ ಗೊತ್ತಿಲ್ಲ.

ಇದಕ್ಕೆ ಉತ್ತರ ಹುಡುಕಲು ತೋಳದಿಂದ ಶುರು ಮಾಡಬೇಕು. ತೋಳದ ಬೇಟೆ ಒಂದೇ ಕ್ರಿಯೆಯಲ್ಲ, ಒಂದರ ಹಿಂದೊಂದು ಬರುವ ಹಂತಗಳ ಸರಪಳಿ. ವಾಸನೆಯೋ ಚಲನೆಯೋ ಸಿಕ್ಕಿ ತಲೆ ಆ ಕಡೆ ತಿರುಗುತ್ತದೆ, ಕಣ್ಣು ನೆಡುತ್ತದೆ, ಮೈ ತಗ್ಗಿಸಿ ಹೊಂಚುತ್ತದೆ, ಬೆನ್ನಟ್ಟುತ್ತದೆ, ಬಾಯಿ ಹಾಕಿ ಹಿಡಿಯುತ್ತದೆ, ಕೊಲ್ಲುತ್ತದೆ, ಸಿಗಿದು ತಿನ್ನುತ್ತದೆ. ಮನುಷ್ಯ ಮಾಡಿದ್ದು ಇಷ್ಟೇ: ತನಗೆ ಬೇಕಾದ ಹಂತವನ್ನು ಹಿಗ್ಗಿಸಿ, ಬೇಡವಾದದ್ದನ್ನು ಕುಗ್ಗಿಸುತ್ತ ತಲೆಮಾರಿನಿಂದ ತಲೆಮಾರಿಗೆ ಮರಿ ಆರಿಸುತ್ತ ಬಂದ. ಹಕ್ಕಿ ಇರುವ ಜಾಗ ತೋರಿಸುವ ಪಾಯಿಂಟರ್ ನಾಯಿಯಲ್ಲಿ ಹೊಂಚುವ ಹಂತ ಹಿಗ್ಗಿ ಅಲ್ಲೇ ನಿಂತುಹೋಗಿದೆ. ಮುಧೋಳದಲ್ಲಿ ಬೆನ್ನಟ್ಟುವುದೇ ಜೀವಾಳ. ಬಿದ್ದ ಹಕ್ಕಿ ತಂದುಕೊಡುವ ರಿಟ್ರೀವರ್‌ನಲ್ಲಿ ಬಾಯಿ ಹಾಕಿ ಹಿಡಿಯುವುದು ಉಳಿದು, ಕೊಲ್ಲುವುದು ಮಸುಕಾಗಿದೆ. ಇಲಿಯಂಥ ಸಣ್ಣ ಪ್ರಾಣಿಗಳ ಬೇಟೆಯ ಟೆರಿಯರ್‌ಗಳಲ್ಲಿ ಕೊಲ್ಲುವ ಹಂತವೂ ಗಟ್ಟಿಯಾಗೇ ಇದೆ. ತಳಿ ಆರಿಸುವವರು ಬಣ್ಣ, ಕಿವಿ, ಎತ್ತರ ನೋಡುವ ಮೊದಲು ಕೇಳಬೇಕಾದ್ದು ಇದನ್ನು: ಈ ನಾಯಿಯ ಸರಪಳಿ ಎಲ್ಲಿ ತುಂಡಾಗಿದೆ, ಎಲ್ಲಿ ಬಲವಾಗಿದೆ?

ಮನೆಗೆ ಅತಿ ಸುಲಭವಾಗಿ ಒಗ್ಗುವುದು ರಿಟ್ರೀವರ್‌ಗಳು, ಅದರಲ್ಲೂ ಲ್ಯಾಬ್ರಡಾರ್. ಕಾರಣ ಅದರ ಕೆಲಸದಲ್ಲೇ ಇದೆ. ಈ ತಳಿಯ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದ ಮೀನುಗಾರರ ಜೊತೆ ನೀರಿಗಿಳಿದು ಕೆಲಸ ಮಾಡುತ್ತಿದ್ದ ನಾಯಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟನ್ನಿನ ಜಮೀನ್ದಾರರು ಅವುಗಳನ್ನು ತಂದು ಹಕ್ಕಿ ಬೇಟೆಗೆ ತಿದ್ದಿದರು. 1903ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಸಂಸ್ಥೆ ಕೆನಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿ ಎಂದು ಒಪ್ಪಿತು. ಬಂದೂಕಿನ ಸದ್ದಿಗೆ ಬೆಚ್ಚದೆ ಕೂರಬೇಕು, ಯಜಮಾನ ಕೈ ತೋರಿಸಿದ ದಿಕ್ಕಿಗೆ ಹೋಗಬೇಕು, ಬಿದ್ದ ಹಕ್ಕಿಯನ್ನು ಜಗಿಯದೆ ತಂದುಕೊಡಬೇಕು. ಅಂದರೆ ತಾಳ್ಮೆ, ಮನುಷ್ಯನ ಕಡೆ ಗಮನ, ಮೆತ್ತನೆಯ ಬಾಯಿ. ಒಳ್ಳೆಯ ಮನೆನಾಯಿಗೆ ಬೇಕಾದ ಗುಣಗಳೂ ಹೆಚ್ಚುಕಡಿಮೆ ಇವೇ. ಸ್ಕಾಟ್ಲೆಂಡಿನ ಗಿಸಾಕನ್ ಎಸ್ಟೇಟಿನಲ್ಲಿ 1868ರಲ್ಲಿ ಹುಟ್ಟಿದ ಮರಿಗಳಿಂದ ಬೆಳೆದ ಗೋಲ್ಡನ್ ರಿಟ್ರೀವರ್‌ನ ಕಥೆಯೂ ಇಂಥದ್ದೇ.

ಆದರೆ ಆ ಮೆತ್ತನೆಯ ಬಾಯಿ ಮನೆಯಲ್ಲಿ ಸುಮ್ಮನಿರುವುದಿಲ್ಲ. ಲ್ಯಾಬ್ ಮರಿ ಇರುವ ಮನೆಯಲ್ಲಿ ಒಂದು ಚಪ್ಪಲಿ ಯಾವಾಗಲೂ ಕಾಣೆ. ಮಕ್ಕಳ ಕಾಲುಚೀಲ, ಟಿವಿ ರಿಮೋಟ್, ಒದ್ದೆ ಟವೆಲ್ ಎಲ್ಲವೂ ಅದರ ಹಾಸಿಗೆಗೆ ವರ್ಗವಾಗುತ್ತವೆ. ಬೈದರೆ ಇನ್ನಷ್ಟು ಖುಷಿಯಾಗಿ ಹಿಡಿದುಕೊಂಡು ಓಡುತ್ತದೆ, ಅಟ್ಟಿಸಿಕೊಂಡು ಹೋದರೆ ನುಂಗಿಬಿಡುತ್ತದೆ, ಆಮೇಲೆ ಹೊಟ್ಟೆ ಕೊಯ್ಸಲು ವೈದ್ಯರ ಹತ್ತಿರ ಓಡಬೇಕು. ಇನ್ನು ಹೊಟ್ಟೆಬಾಕತನ. 2016ರಲ್ಲಿ ಕೇಂಬ್ರಿಜ್ ವಿಜ್ಞಾನಿಗಳು ಇದರ ಹಿಂದಿನ ಒಂದು ಕಾರಣವನ್ನು ಜೀನ್ ಮಟ್ಟದಲ್ಲೇ ಹಿಡಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ, ಹಸಿವು ತೀರಿತು ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವಲ್ಲಿ ಪಾತ್ರವಿರುವ ಒಂದು ಜೀನಿನ ತುಣುಕು ಕಾಣೆಯಾಗಿದೆ. ತಿಂಡಿಗಾಗಿ ಏನು ಬೇಕಾದರೂ ಕಲಿಯುವ ಉತ್ಸಾಹಕ್ಕೂ, ನಮ್ಮೂರ ಅಪಾರ್ಟ್‌ಮೆಂಟ್‌ಗಳಲ್ಲಿ ಏದುಸಿರು ಬಿಡುತ್ತ ಲಿಫ್ಟ್‌ಗೆ ಕಾಯುವ ದಪ್ಪ ಲ್ಯಾಬ್‌ಗಳಿಗೂ ಇದರ ನಂಟಿದೆ. ಅದರ ದಟ್ಟ ಎರಡು ಪದರದ ಕೂದಲು ತಣ್ಣೀರಿಗೆ ಹೇಳಿಮಾಡಿಸಿದ್ದು. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಬೆಳಿಗ್ಗೆ ಆರರೊಳಗೆ ವಾಕಿಂಗ್ ಮುಗಿಸದಿದ್ದರೆ ಪಾಪ, ಅದರ ಪಾಡು ನೋಡಲಾಗದು.

ಪಾಯಿಂಟರ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ವಿಜ್ಲಾ, ವೈಮರನರ್‌ನಂಥವು ಹುಡುಕುವುದು, ತೋರಿಸುವುದು, ತಂದುಕೊಡುವುದು ಎಲ್ಲವನ್ನೂ ಮಾಡುತ್ತವೆ. ಅಮೆರಿಕದಲ್ಲಿ ನಿಜವಾಗಿ ಬೇಟೆಗೆ ಹೋಗುವ ಕುಟುಂಬಗಳಿಗೆ ಲ್ಯಾಬ್ ಬಿಟ್ಟರೆ ಮೊದಲು ನೆನಪಾಗುವುದು ಇವೇ. ಮನೆಯವರ ಮೇಲೆ ಅಂಟಿಕೊಂಡೇ ಇರುವಷ್ಟು ಪ್ರೀತಿ. ಆದರೆ ಇಡೀ ದಿನ ಹೊಲ ಅಳೆಯಲೆಂದು ಹುಟ್ಟಿದ ಮೈಗೆ ಅರ್ಧ ಗಂಟೆಯ ವಾಕಿಂಗ್ ಸಾಲುವುದಿಲ್ಲ. ಬಾಲ್ಕನಿಯ ಪಾರಿವಾಳವನ್ನು ನೋಡುತ್ತ ಒಂದು ಕಾಲೆತ್ತಿ ಗಂಟೆಗಟ್ಟಲೆ ನಿಲ್ಲುವ ನಾಯಿಯನ್ನು ಕಂಡು ಮೊದಲು ನಗು ಬರುತ್ತದೆ, ಆಮೇಲೆ ಮರುಕ. ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟಿಗೆ ಇದನ್ನು ತರಬೇಡಿ ಎಂದು ನಾನಂತೂ ಖಡಾಖಂಡಿತವಾಗಿ ಹೇಳುತ್ತೇನೆ.

ಬೀಗಲ್ ವಿಷಯದಲ್ಲಿ ಮೋಸ ಹೋಗುವವರೇ ಜಾಸ್ತಿ. ಚಿಕ್ಕ ಮೈ, ಜೋತುಬಿದ್ದ ಕಿವಿ, ಅಳುಮುಂಜಿ ಕಣ್ಣು, ಮಕ್ಕಳ ಜೊತೆ ಎಷ್ಟು ಹೊತ್ತಾದರೂ ಆಟ. ಇದು ಹಿಂಡಿನಲ್ಲಿ ಬದುಕಿ, ಮೂಗನ್ನು ನೆಲಕ್ಕೆ ಹಚ್ಚಿ ಮೊಲದ ಜಾಡು ಹಿಡಿದು, ಹಿಂದೆ ಬರುವ ಬೇಟೆಗಾರರಿಗೆ ಕೇಳಲೆಂದು ದೊಡ್ಡದಾಗಿ ಕೂಗುತ್ತ ಹೋಗಬೇಕಾದ ನಾಯಿ. ಈ ವಾಕ್ಯದಲ್ಲಿ ಮೂರು ಸಮಸ್ಯೆಗಳಿವೆ. ಹಿಂಡಿನ ನಾಯಿಗೆ ಒಂಟಿತನ ಆಗದು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದ ಮೇಲೆ ಅದು ಅಳುತ್ತದೆ. ಅಳುವಾಗ ಬಾಯಲ್ಲಿ ಬರುವುದು ಮೈಲಿ ದೂರ ಕೇಳಲೆಂದೇ ಬೆಳೆಸಿದ ದನಿ, ಎದುರು ಮನೆಯವರು ಎರಡನೇ ವಾರವೇ ಬಾಗಿಲು ತಟ್ಟುತ್ತಾರೆ. ಇನ್ನು ಜಾಡು ಸಿಕ್ಕ ಮೂಗಿಗೆ ಕಿವಿ ಇರುವುದಿಲ್ಲ, ಗೇಟು ತೆರೆದಿದ್ದರೆ ನೀವು ಕರೆದದ್ದು ಅದಕ್ಕೆ ಕೇಳಿಸದು. ತಮಾಷೆಯೆಂದರೆ ಬೀಗಲ್‌ನ ತವರಿನಲ್ಲೇ ಈಗ ಆ ಕೆಲಸ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಯಿಹಿಂಡು ಬಿಟ್ಟು ಮೊಲ, ನರಿ ಬೇಟೆಯಾಡುವುದನ್ನು 2004ರ ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದು, ನಾಯಿ ಒಂಟಿಯಾಗದಿದ್ದರೆ ಬೀಗಲ್ ಬಹಳ ಒಳ್ಳೆಯ ಆಯ್ಕೆ. ಇಲ್ಲದಿದ್ದರೆ ಎರಡು ತನ್ನಿ, ಅಥವಾ ತರಬೇಡಿ.

ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ಡ್ಯಾಶ್‌ಹುಂಡ್ ಕೂಡ ಬೇಟೆ ನಾಯಿ ಎಂಬುದು ಸಾಕಿದವರಿಗೇ ಮರೆತುಹೋಗಿರುತ್ತದೆ. ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಎದುರಿಸಲು ಮಾಡಿದ ಮೈ ಅದು. ಹೂಕುಂಡದ ಮಣ್ಣು ಬಗೆಯುವುದು, ಗಾತ್ರಕ್ಕೆ ಮೀರಿದ ಜಗಳಗಂಟತನ ಅಲ್ಲಿಂದ ಬಂದದ್ದು. ಉದ್ದ ಬೆನ್ನಿನ ಬೆಲೆಯನ್ನೂ ಅದೇ ತೆರುತ್ತದೆ, ನಾಲ್ಕೈದರಲ್ಲಿ ಒಂದಕ್ಕೆ ಬೆನ್ನುಮೂಳೆಯ ಡಿಸ್ಕ್ ತೊಂದರೆ ಬರುತ್ತದೆ. ಮಕ್ಕಳು ಎತ್ತುವಾಗ ಮುಂಗಾಲಿನಡಿ ಮಾತ್ರ ಕೈ ಹಾಕಿ ತೂಗಾಡಿಸದಂತೆ ನೋಡಿಕೊಳ್ಳಿ. ಜಾಕ್ ರಸೆಲ್‌ನಂಥ ಟೆರಿಯರ್ ಮನೆಯಲ್ಲಿದ್ದರೆ ಇಲಿಗಳಿರುವುದಿಲ್ಲ. ಮೊಲ, ಲವ್‌ಬರ್ಡ್ಸ್ ಸಾಕಿದ್ದರೆ ಅವೂ ಇರುವುದಿಲ್ಲ.

ಹಂದಿ ಬೇಟೆಯ ನಾಯಿಗಳದ್ದು ಪ್ರತ್ಯೇಕ ಅಧ್ಯಾಯ. ಕನ್ನಡ ನಾಡಿನಲ್ಲಿ ಇವುಗಳ ಗೌರವ ಎಷ್ಟಿತ್ತು ಎನ್ನಲು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಾಕು. ಸುಮಾರು ಕ್ರಿ.ಶ. 950ರ ಶಾಸನ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಗಂಗ ಅರಸ ಬೂತುಗ ಮೆಚ್ಚಿ ಬೇಕಾದ್ದು ಕೇಳೆಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿ ಕಾದುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಬ್ಬನ್ ಪಾರ್ಕಿನ ಕಡೆ ಹೋದಾಗ ನೋಡಬಹುದು. ಕಚ್ಚಿ ಹಿಡಿದರೆ ಸತ್ತರೂ ಬಿಡದ ಗುಣಕ್ಕೆ ಶಾಸನ ಹಾಕಿಸಬಹುದು, ಆದರೆ ಮಗುವಿನ ಪಕ್ಕ ಮಲಗುವ ನಾಯಿಯಲ್ಲಿ ಅದನ್ನು ಹುಡುಕಬಾರದು. ಅರ್ಜೆಂಟೀನಾದಲ್ಲಿ ಕಾಡುಹಂದಿ ಬೇಟೆಗೆಂದೇ ರೂಪಿಸಿದ ಡೋಗೋ ಅರ್ಜೆಂಟಿನೊ ಮರಿಗಳನ್ನು ಇಲ್ಲೂ ಶೋಕಿಗೆ ಕೊಳ್ಳುವವರಿದ್ದಾರೆ. ಈ ತಳಿಯೂ ಸೇರಿದಂತೆ 23 ತಳಿಗಳನ್ನು ತಡೆಯಲು 2024ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, ಸಂಬಂಧಪಟ್ಟವರ ಜೊತೆ ಸಮಾಲೋಚಿಸಿಲ್ಲ ಎಂಬ ಕಾರಣಕ್ಕೆ. ಸುತ್ತೋಲೆ ರದ್ದಾಯಿತು ಎಂದ ಮಾತ್ರಕ್ಕೆ ಮೊದಲ ಸಲ ನಾಯಿ ಸಾಕುವವರಿಗೆ ಅದು ಹೊಂದುತ್ತದೆ ಎಂದಲ್ಲ.

ಇನ್ನು ಮುಧೋಳ. ನಮ್ಮದೇ ನಾಯಿ ಎಂಬ ಅಭಿಮಾನದಿಂದ ಇದರ ಬಗ್ಗೆ ಹಬ್ಬಿದ ಮಾತುಗಳಲ್ಲಿ ಅರ್ಧಕ್ಕರ್ಧ ಉತ್ಪ್ರೇಕ್ಷೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು, ಒಂದು ಜೋಡಿಯನ್ನು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಈ ನಾಯಿ ಅಂಚೆ ಚೀಟಿಯ ಮೇಲೆ ಬಂತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ಹೆಸರು ಹೇಳಿದ ಮೇಲಂತೂ ಮರಿಗೆ ಬೇಡಿಕೆಯೋ ಬೇಡಿಕೆ. ಬೇಡಿಕೆ ಇದ್ದಲ್ಲಿ ಕಲಬೆರಕೆಯೂ ಇರುತ್ತದೆ, ಗ್ರೇಹೌಂಡ್ ಬೆರಕೆಯ ಮರಿಯನ್ನು ಅಚ್ಚ ಮುಧೋಳ ಎಂದು ದಾಟಿಸುವವರಿದ್ದಾರೆ. ಸೈನ್ಯ 2016ರಲ್ಲಿ ಕೆಲವು ಮರಿಗಳನ್ನು ಮೀರತ್‌ನ ತರಬೇತಿ ಕೇಂದ್ರಕ್ಕೆ ಒಯ್ದಿತು. ಅದನ್ನೇ ಹಿಡಿದು "ಮಿಲಿಟರಿ ನಾಯಿ, ಕಾವಲಿಗೆ ಸೂಪರ್" ಎನ್ನುವುದು ಅವಸರದ ತೀರ್ಮಾನ.

ಮುಧೋಳವನ್ನು ಅರಿಯಬೇಕಾದರೆ ಜೋಳ ಕೊಯ್ದಾದ ಎರೆಹೊಲದಲ್ಲಿ ನೋಡಬೇಕು. ಹೆಗಲೆತ್ತರ ಸುಮಾರು 68ರಿಂದ 72 ಸೆಂ.ಮೀ. ಇರುವ ಗಂಡುನಾಯಿ, ಪಕ್ಕೆಲುಬು ಎಣಿಸುವಷ್ಟು ತೆಳುಮೈ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಸುಮ್ಮನೆ ನಿಂತಿರುತ್ತದೆ. ದೂರದ ಬದುವಿನಲ್ಲಿ ಏನೋ ಅಲ್ಲಾಡಿತು, ನಿಮಗೆ ಕಂಡಿರುವುದಿಲ್ಲ. ಅದರ ಕತ್ತು ಒಂದಿಷ್ಟು ಮೇಲೆದ್ದು ಕಿವಿ ಹಿಂದಕ್ಕೆ ಸರಿಯುತ್ತದೆ. ಉಸಿರಾಟ ನಿಂತಂತೆ ಕಾಣುತ್ತದೆ. ಮರುಕ್ಷಣ ಅದು ಅಲ್ಲಿಲ್ಲ. ಓಡುವಾಗ ಪ್ರತಿ ನೆಗೆತದಲ್ಲೂ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ಉದ್ದ ಮೂತಿಯ ನಾಯಿಗಳ ಕಣ್ಣಿನೊಳಗೆ ನೋಟದ ಕೋಶಗಳು ದಿಗಂತಕ್ಕೆ ಸಮನಾಗಿ ಪಟ್ಟಿಯಂತೆ ಹರಡಿಕೊಂಡಿರುತ್ತವೆ. ಬಯಲಿನ ಅಂಚಿನ ಅಲುಗಾಟ ಅದಕ್ಕೆ ಮೊದಲು ಕಾಣುವುದು ಅದಕ್ಕೇ. ಇಲ್ಲಿ ನೀವು ಎಷ್ಟು ಕೂಗಿದರೂ ಪ್ರಯೋಜನವಿಲ್ಲ. ಯಜಮಾನನ ಅಪ್ಪಣೆಗೆ ಕಾದರೆ ಮೊಲ ಪಾರಾಗುತ್ತದೆ, ಆದ್ದರಿಂದ ತಾನೇ ನಿರ್ಧರಿಸುವ ನಾಯಿಯನ್ನೇ ತಲೆಮಾರುಗಳಿಂದ ಆರಿಸಿದ್ದಾರೆ. ಜನ ಇದನ್ನು 'ಮಾತು ಕೇಳಲ್ಲ' ಎಂದು ದೂರುತ್ತಾರೆ.

ಆದರೆ ಅದೇ ನಾಯಿ ಮನೆಯೊಳಗೆ ಲ್ಯಾಬ್‌ಗಿಂತ ಶಾಂತ. ಇದನ್ನು ಹೇಳಿದರೆ ಹಲವರು ನಂಬುವುದಿಲ್ಲ. ಓಟ ಚಿಕ್ಕದು, ತೀವ್ರ, ಆಮೇಲೆ ದಿನದ ಬಹುಪಾಲು ನಿದ್ದೆ. ಬೊಗಳುವುದು ಕಡಿಮೆ, ಕೂದಲು ಚಿಕ್ಕದು, ನಾಯಿ ವಾಸನೆ ಹೆಚ್ಚಿಲ್ಲ, ಜೋಳದ ರೊಟ್ಟಿ, ಹಾಲು, ಮೊಟ್ಟೆ ತಿಂದು ಬೆಳೆದ ಗಟ್ಟಿ ಒಡಲು. ಮನೆಯವರಿಗೆ ಪ್ರಾಣ ಕೊಡುತ್ತದೆ. ಅಪರಿಚಿತರು ಮೈ ಮುಟ್ಟುವುದು ಮಾತ್ರ ಅದಕ್ಕೆ ಆಗದು. ಹುಟ್ಟುಹಬ್ಬಕ್ಕೆ ಬಂದ ಹದಿನೈದು ಮಕ್ಕಳು ಸುತ್ತ ನಿಂತು ತಲೆ ಸವರಿದರೆ ಲ್ಯಾಬ್ ಬಾಲ ಅಲ್ಲಾಡಿಸುತ್ತದೆ, ಮುಧೋಳ ಎದ್ದು ಒಳಗೆ ಹೋಗುತ್ತದೆ. ಹೋಗಲು ದಾರಿ ಇಲ್ಲದಂತೆ ಕಟ್ಟಿಹಾಕಿದ್ದರೆ ಗುರ್ ಎನ್ನುತ್ತದೆ. ತಪ್ಪು ಕಟ್ಟಿದವರದ್ದು. ಬೀದಿಬೆಕ್ಕು, ಕೋಳಿ, ಅಳಿಲು ಕಂಡಾಗ ಏನಾಗುತ್ತದೆಂದು ಹೇಳಬೇಕಿಲ್ಲ. ಮೈಯಲ್ಲಿ ಕೊಬ್ಬಿಲ್ಲದ್ದರಿಂದ ಮಡಿಕೇರಿಯ ಮಳೆಗಾಲದಲ್ಲಿ ನಡುಗುತ್ತದೆ. ಗ್ರೇಹೌಂಡ್‌ನಂಥ ತೆಳುಮೈ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಅಮಲು ಬೇಗ ಇಳಿಯುವುದಿಲ್ಲ. ಆದ್ದರಿಂದ ಆಪರೇಶನ್‌ಗೆ ಮುಂಚೆ ವೈದ್ಯರಿಗೆ ತಳಿ ಯಾವುದೆಂದು ಬಾಯಿಬಿಟ್ಟು ಹೇಳಿ. ಎತ್ತರದ ಕಾಂಪೌಂಡ್ ಇರುವ ತೋಟದ ಮನೆಗೆ ಇದಕ್ಕಿಂತ ಚೆಂದದ ನಾಯಿ ಇಲ್ಲ. ಫ್ಲಾಟ್‌ನಲ್ಲೂ ಸಾಕಬಹುದು, ಆದರೆ ವಾರಕ್ಕೆ ಕೆಲವು ಸಲ ಬೇಲಿ ಇರುವ ಜಾಗದಲ್ಲಿ ಹಗ್ಗ ಬಿಚ್ಚಿ ಓಡಿಸಲು ನಿಮ್ಮಿಂದ ಆಗಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರನ್ನೂ ಎತ್ತಬೇಕು. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, ಸುಮಾರು 2 ಸಾವಿರ ನಾಯಿಗಳ ಡಿಎನ್‌ಎ ಓದಿತು. ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಕಂಡುಬಂತು. ಹಾಗಾದರೆ ಮೇಲಿನ ಮಾತೆಲ್ಲ ಸುಳ್ಳೇ? ಅಲ್ಲ. ಮಾತು ಕೇಳುವ ಗುಣದಂಥವು ತಳಿಯಿಂದ ತಳಿಗೆ ಹೆಚ್ಚು ಬದಲಾಗುತ್ತವೆ ಎಂದು ಅದೇ ಅಧ್ಯಯನ ಹೇಳುತ್ತದೆ. ಬೇಗ ಕೆರಳುವ ಗುಣವನ್ನು ಮಾತ್ರ ತಳಿಯ ಹೆಸರು ನೋಡಿ ಊಹಿಸಲಾಗದು. ಅಂದರೆ ನಿಮ್ಮ ನಾಯಿ ಓಡುವುದೋ ಮೂಸುವುದೋ ಎಂಬುದನ್ನು ತಳಿ ಒಂದಿಷ್ಟು ಹೇಳೀತು, ಸಿಡುಕಿನದೋ ಸಾಧುವೋ ಎಂಬುದಕ್ಕೆ ಆ ಮರಿಯ ತಾಯಿಯನ್ನೇ ನೋಡಬೇಕು. ತಾಯಿಯನ್ನು ತೋರಿಸಲು ಒಪ್ಪದ ಬ್ರೀಡರ್ ಹತ್ತಿರ ಮರಿ ತರಬೇಡಿ. ನೀವು ಹೋದಾಗ ತಾಯಿ ಮೂಲೆ ಸೇರಿತೇ, ಹಲ್ಲು ಕಿಸಿಯಿತೇ, ಮೂಸಿ ಬಾಲ ಅಲ್ಲಾಡಿಸಿತೇ ಗಮನಿಸಿ. ಲ್ಯಾಬ್ ಆದರೆ ಅಪ್ಪ ಅಮ್ಮ ಬೇಟೆಗೆಂದು ಬೆಳೆಸಿದ ಸಾಲಿನವೋ ಪ್ರದರ್ಶನದ ಸಾಲಿನವೋ ಕೇಳಿ. ಮೊದಲನೆಯವು ತೆಳ್ಳಗೆ, ಚುರುಕು, ಒಂದು ಕಡೆ ಕೂರವು. ಎರಡನೆಯವು ದಪ್ಪ, ನಿಧಾನ. ಹೊರದೇಶದಲ್ಲಿ ಬೇಟೆಗೂ ಮನೆಗೂ ಒಂದೇ ನಾಯಿ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ. ಮಕ್ಕಳಿರುವ ಮನೆಗೆ ಚಾಂಪಿಯನ್ ಬೇಟೆ ಸಾಲಿನ ಮರಿ ತಂದು, ಆರು ತಿಂಗಳಿಗೆ ಕೈಚೆಲ್ಲುತ್ತಾರೆ.

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಒಂದು ತಿಂಗಳಿಗೇ "ಈಗಲೇ ತಗೊಂಡ್ರೆ ಚೆನ್ನಾಗಿ ಹೊಂದ್ಕೊಳ್ಳುತ್ತೆ" ಎಂದು ಕೊಡುವವರ ಮಾತು ಕೇಳಬೇಡಿ. ತಾಯಿ, ಒಡಹುಟ್ಟುಗಳ ಜೊತೆಗಿದ್ದಾಗಲೇ ಮರಿ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುತ್ತದೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಕಂಡದ್ದೆಲ್ಲ ಅದಕ್ಕೆ ಮಾಮೂಲಿಯಾಗುತ್ತದೆ: ಮಿಕ್ಸಿ ಸದ್ದು, ಆಟೊ, ಛತ್ರಿ, ಗಡ್ಡದವರು, ಅಳುವ ಕೂಸು, ಬೆಕ್ಕು. ಮುಧೋಳದಂಥ ಸಂಕೋಚದ ತಳಿಗೆ ಈ ವಾರಗಳು ಕೈತಪ್ಪಿದರೆ ಆಮೇಲೆ ತುಂಬಿಕೊಡುವುದು ಬಹಳ ಕಷ್ಟ.

ಮನೆಗೆ ಬಂದ ಮೇಲೆ ಬೇಟೆಯ ಬುದ್ಧಿಯನ್ನು ಬೈದು ಬಿಡಿಸಲು ಹೋಗಬೇಡಿ, ಅದಕ್ಕೊಂದು ಕೆಲಸ ಕೊಡಿ. ಬೀಗಲ್‌ಗೆ ತಟ್ಟೆಯಲ್ಲಿ ಊಟ ಹಾಕುವ ಬದಲು ಹುಲ್ಲಿನಲ್ಲಿ ಚೆಲ್ಲಿ ಹುಡುಕಲು ಬಿಟ್ಟರೆ ಅದರ ಮೂಗಿಗೂ ತಲೆಗೂ ಒಳ್ಳೆಯ ಕೆಲಸ ಸಿಗುತ್ತದೆ. ಲ್ಯಾಬ್‌ಗೆ ಚಪ್ಪಲಿ ಕಿತ್ತುಕೊಳ್ಳದೆ ತಿಂಡಿಗೆ ಬದಲು ಮಾಡಿ, ತಂದುಕೊಡುವುದನ್ನೇ ಆಟವಾಗಿಸಿ. ಮುಧೋಳಕ್ಕೆ ಉದ್ದ ಕೋಲಿನ ತುದಿಗೆ ದಾರ ಕಟ್ಟಿ, ದಾರದ ತುದಿಯಲ್ಲಿ ಬಟ್ಟೆ ತುಂಡೊಂದನ್ನು ನೆಲದ ಮೇಲೆ ಎಳೆದಾಡಿಸಿದರೆ ಬೆನ್ನಟ್ಟುವ ಹಸಿವು ತೀರುತ್ತದೆ. ಬಯಲಿಗೆ ಕರೆದೊಯ್ಯುವಾಗ ಹತ್ತು ಮೀಟರ್ ಹಗ್ಗವಿರಲಿ, ಕತ್ತಿನ ಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಕರೆಯುವ ಹೊತ್ತನ್ನು ಕಲಿಯಬೇಕಾದವರು ನಾಯಿಗಿಂತ ನೀವು. ಕತ್ತು ಮೇಲೆದ್ದು ಕಿವಿ ಸರಿದ ಆ ಒಂದೆರಡು ಕ್ಷಣದಲ್ಲೇ ಹೆಸರು ಹಿಡಿದು ಕರೆದು, ತಿರುಗಿ ನೋಡಿದರೆ ಬಾಯಿಗೆ ತಿಂಡಿ ಇಡಬೇಕು. ಓಟ ಶುರುವಾದ ಮೇಲೆ ಕೂಗುತ್ತ ಹೋದರೆ ಆ ಕೂಗಿಗೆ ಅರ್ಥವಿಲ್ಲ ಎಂಬುದನ್ನೇ ನಾಯಿ ಕಲಿಯುತ್ತದೆ. ಆಗ ಬಾಯಿ ಮುಚ್ಚಿಕೊಂಡು ಹಗ್ಗವನ್ನು ಕಾಲಿನಿಂದ ಅದುಮಿ ಹಿಡಿಯುವುದೇ ಸರಿ.